ಒಂದು ತೂಬು, ಎರಡು ಗದ್ದೆ

ಪೀಠಿಕೆ

ಮುಂಬೈಯಿಂದ ನಾಸಿಕದ ಕಡೆ ಹೊರಟ ರೈಲು ಕಸಾರಾದಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ ಕಟ್ಟಿಸಿಕೊಂಡು ಥಲ್ ಘಾಟ್ ಹತ್ತುತ್ತದೆ. ಇಗತ್‌ಪುರಿಯಲ್ಲಿ ಆ ಎಂಜಿನ್ ಕಳಚುತ್ತಾರೆ. ಅಲ್ಲಿಂದ ಮುಂದಿನ ನಿಲ್ದಾಣವೇ ಘೋಟಿ. ಸುತ್ತಲೂ ಭತ್ತದ ಗದ್ದೆ, ದಕ್ಷಿಣಕ್ಕೆ ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೂ ಜಡಿಮಳೆ. ಕೋಲಾರ ಸೀಮೆಯ ನಮ್ಮ ಅಕ್ಕ ಈ ಊರಿನವಳಾಗಿ ಬಹಳ ವರ್ಷವಾಯಿತು. ಭಾವನಿಗೆ ಇಗತ್‌ಪುರಿಯಲ್ಲಿ ರೈಲ್ವೆ ಕೆಲಸವಿತ್ತು. ನಿವೃತ್ತಿಯಾದ ಮೇಲೂ ಅವರು ಘೋಟಿಯಲ್ಲೇ ಉಳಿದರು.

ಅವರ ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ. ಕೆಳಗಿನ ನಡುಮನೆಯ ಮೇಜಿನ ಮೇಲಿರುವುದು ಭಾವನದು. ಅವರು ಅಕ್ಕಿ ಗಿರಣಿಯವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ತುಂಬುತ್ತಾರೆ. ಮಹಡಿಯ ಲ್ಯಾಪ್‌ಟಾಪ್ ಅಕ್ಕನ ಮಗಳದು, ಅವಳ ಪಾಠ ಪರೀಕ್ಷೆಗಳೆಲ್ಲ ಅದರಲ್ಲೇ. ಮನೆಗೆ ಬರುವ ಇಂಟರ್ನೆಟ್ ಮಾತ್ರ ಒಂದೇ. "ಮಾಮ, ಅಪ್ಪಂಗೆ ಬರ್ತಾ ಇದೆ, ನಂಗೆ ಬರ್ತಾ ಇಲ್ಲ" ಎಂಬ ಫೋನು ನನಗೆ ಎಷ್ಟೋ ಸಲ ಬಂದಿದೆ. ಎರಡು ಯಂತ್ರಕ್ಕೆ ಒಂದು ಸಂಪರ್ಕ ಸಾಲದು, ಇನ್ನೊಂದು ಹಾಕಿಸಬೇಕು ಎಂದೇ ಮನೆಯವರು ನಂಬಿದ್ದರು. ಸಾಲುತ್ತದೆ, ಹಂಚುವ ಕ್ರಮ ತಿಳಿದಿರಬೇಕು ಅಷ್ಟೆ ಎಂದು ನಾನು ಹೇಳುತ್ತಾ ಬಂದೆ. ಒಮ್ಮೆ ಅಲ್ಲಿಗೆ ಹೋದಾಗ ಆ ಕ್ರಮವನ್ನು ಒಂಬತ್ತು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಸಾಲು ಚಿಕ್ಕದಾದರೆ ನೆನಪಿನಲ್ಲಿ ನಿಲ್ಲುತ್ತದೆ. ಆದರೆ ಚಿಕ್ಕದಾದಷ್ಟೂ ಅದರೊಳಗಿನ ಕಾರಣ ಮರೆಯಾಗುತ್ತದೆ. ಆ ಕಾರಣಗಳನ್ನು ಬಿಡಿಸಿಡಲು ಈ ವ್ಯಾಖ್ಯಾನ.

ಮೂಲ

1. ಮನೆಗೆ ಬರುವ ಎಳೆ ಒಂದೇ. ಮೊದಲು ಪೆಟ್ಟಿಗೆಗೆ, ಆಮೇಲೆ ನಮಗೆ.
2. ಹೊರಗಿನ ವಿಳಾಸ ಪೆಟ್ಟಿಗೆಯದು. ಒಳಗಿನ ವಿಳಾಸ ಪೆಟ್ಟಿಗೆ ಕೊಟ್ಟದ್ದು.
3. ಹೋದದ್ದನ್ನು ಬರೆದಿಟ್ಟವನೇ ಬಂದದ್ದನ್ನು ತಲುಪಿಸಬಲ್ಲ.
4. ಕೂತ ಯಂತ್ರಕ್ಕೆ ತಂತಿ. ಓಡಾಡುವ ಯಂತ್ರಕ್ಕೆ ಗಾಳಿ.
5. ಪೆಟ್ಟಿಗೆ ಇಲ್ಲವಾದರೆ ಕಂಪ್ಯೂಟರೇ ಪೆಟ್ಟಿಗೆ. ಆಗ ಅದು ಮಲಗಬಾರದು.
6. ವಿಳಾಸ ಹಂಚುವ ಪೆಟ್ಟಿಗೆ ಒಂದೇ ಇರಲಿ.
7. ಹಂಚುವುದು ಅರ್ಧವನ್ನಲ್ಲ, ಸರದಿಯನ್ನು.
8. ಬೀಗದ ಪದ ಮನೆಯವರಿಗೆ. ಬಂದವರಿಗೆ ಬೇರೆ ಬಾಗಿಲು.
9. ನಿಂತರೆ ಹತ್ತಿರದಿಂದ ದೂರಕ್ಕೆ ಹುಡುಕು.

ಸಾಲು 1: ಮನೆಗೆ ಬರುವ ಎಳೆ ಒಂದೇ; ಮೊದಲು ಪೆಟ್ಟಿಗೆಗೆ, ಆಮೇಲೆ ನಮಗೆ

ಪದಾರ್ಥ: ಎಳೆ ಎಂದರೆ ಕಂಬದಿಂದ ಮನೆಗೆ ಇಳಿದ ಫೈಬರ್ ತಂತಿಯೊಳಗಿನ ಗಾಜಿನ ಎಳೆ. ಪೆಟ್ಟಿಗೆ ಎಂದರೆ ಗೋಡೆಯ ಮೇಲೆ ದೀಪ ಮಿಟುಕಿಸುತ್ತಾ ಕೂತ ರೂಟರ್.

ತಾತ್ಪರ್ಯ: ಸಂಪರ್ಕ ನೇರವಾಗಿ ಯಾವ ಕಂಪ್ಯೂಟರಿಗೂ ಬರುವುದಿಲ್ಲ. ಬಂದದ್ದನ್ನು ಪೆಟ್ಟಿಗೆ ಇಳಿಸಿಕೊಂಡು ಎರಡಕ್ಕೂ ಬಡಿಸುತ್ತದೆ.

ವಿವರಣೆ: ಬೆಳಕು ಓಡುವ ಗಾಜಿನ ನಡುಭಾಗ ಕೂದಲೆಳೆಗಿಂತ ಎಷ್ಟೋ ತೆಳು, ಸುಮಾರು 9 ಮೈಕ್ರೋಮೀಟರ್. ಹೋಗುವುದಕ್ಕೂ ಬರುವುದಕ್ಕೂ ಅದೊಂದೇ ದಾರಿ. ಜಿಪಾನ್ ಎಂಬ ಪದ್ಧತಿಯಲ್ಲಿ ಮನೆಯ ಕಡೆ ಇಳಿಯುವ ಬೆಳಕಿನ ತರಂಗದುದ್ದ 1490 ನ್ಯಾನೋಮೀಟರ್, ಮನೆಯಿಂದ ಏರುವ ಬೆಳಕಿನದು 1310. ಬಣ್ಣ ಬೇರೆಯಾದ್ದರಿಂದ ಎರಡೂ ಎದುರುಬದುರಾಗಿ ಹಾಯ್ದರೂ ಒಂದನ್ನೊಂದು ಕೆಡಿಸುವುದಿಲ್ಲ.

ಓದುಗರು ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹಂಚಿಕೆ ನಮ್ಮ ಮನೆಯಲ್ಲಿ ಮೊದಲಾಗುವುದಲ್ಲ. ವಿನಿಮಯ ಕೇಂದ್ರದಿಂದ ಹೊರಟ ಒಂದು ಎಳೆಯನ್ನು ದಾರಿಯಲ್ಲಿ ಕರೆಂಟೇ ಬೇಡದ ಒಂದು ಗಾಜಿನ ಕವಲು 32 ಅಥವಾ 64 ಮನೆಗಳಿಗೆ ಒಡೆದು ಕೊಡುತ್ತದೆ. ಕೇಂದ್ರದಿಂದ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಹೊರಡುತ್ತದೆ. ಆ ಬೆಳಕು ಎಲ್ಲ ಮನೆಗಳಿಗೂ ಹೋಗಿ, ಪ್ರತಿ ಮನೆಯ ಪೆಟ್ಟಿಗೆ ತನ್ನ ಪಾಲಿನದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮನೆಗಳಿಂದ ಮೇಲಕ್ಕೆ ಕಳಿಸುವಾಗ ಕೇಂದ್ರವು ಒಂದೊಂದು ಪೆಟ್ಟಿಗೆಗೂ ಒಂದೊಂದು ಗಳಿಗೆ ಗೊತ್ತುಮಾಡುತ್ತದೆ. ಆ ಗಳಿಗೆ ಬರುವ ತನಕ ಪೆಟ್ಟಿಗೆ ಮಾತಾಡುವ ಹಾಗಿಲ್ಲ. ಬೀದಿಯ ಹತ್ತಾರು ಮನೆಗಳು ಹೀಗೆ ಒಂದೇ ಎಳೆಯಲ್ಲಿ ಬಾಳುತ್ತಿರುವಾಗ ಒಂದು ಮನೆಯ ಎರಡು ಕಂಪ್ಯೂಟರುಗಳ ಬಾಳು ಕಷ್ಟವಾಗಬೇಕಿಲ್ಲ.

ಎಚ್ಚರದ ಮಾತು ಎರಡು. ಆ ತೆಳು ತಂತಿಯನ್ನು ಮೊಳೆಗೆ ಸುತ್ತಿ ಬಿಗಿಯಬಾರದು. ತೀರಾ ಬಾಗಿದರೆ ಬೆಳಕು ಸೋರಿಹೋಗುತ್ತದೆ. ಕಳಚಿದ ತುದಿಯೊಳಗೆ ಕಣ್ಣಿಟ್ಟು ನೋಡಬಾರದು; ಆ ಬೆಳಕು ಕಾಣಿಸುವುದಿಲ್ಲ, ಕಣ್ಣಿಗೆ ಕೆಡುಕು ಮಾತ್ರ ಮಾಡಬಲ್ಲದು.

ಸಾಲು 2: ಹೊರಗಿನ ವಿಳಾಸ ಪೆಟ್ಟಿಗೆಯದು, ಒಳಗಿನ ವಿಳಾಸ ಪೆಟ್ಟಿಗೆ ಕೊಟ್ಟದ್ದು

ಪದಾರ್ಥ: ವಿಳಾಸ ಎಂದರೆ ಐಪಿ ವಿಳಾಸ, ಚುಕ್ಕಿಯಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ಗುರುತು.

ತಾತ್ಪರ್ಯ: ಲೋಕಕ್ಕೆ ಕಾಣುವುದು ಒಂದು ಮನೆ. ಮನೆಯೊಳಗಿನ ಕೋಣೆಗಳನ್ನು ಬಲ್ಲದ್ದು ಪೆಟ್ಟಿಗೆ ಮಾತ್ರ.

ವಿವರಣೆ: ಹಳೆಯ ಪದ್ಧತಿಯ ಐಪಿ ವಿಳಾಸಕ್ಕೆ 32 ಬಿಟ್‌ಗಳ ಉದ್ದ. ಅದರಿಂದ ಹುಟ್ಟಬಲ್ಲ ವಿಳಾಸಗಳು 4,294,967,296, ಅಂದರೆ ಸುಮಾರು 429 ಕೋಟಿ. ಭೂಮಿಯ ಮೇಲಿನ ಜನಸಂಖ್ಯೆಗಿಂತ ಇದು ಕಡಿಮೆ. ವಿಶ್ವಮಟ್ಟದ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿ 3ರಂದು ಹಂಚಿ ಮುಗಿಸಲಾಯಿತು. ಒಂದೊಂದು ಕಂಪ್ಯೂಟರಿಗೂ ಒಂದೊಂದು ಜಾಗತಿಕ ವಿಳಾಸ ಕೊಡುತ್ತಾ ಹೋಗಿದ್ದರೆ ಬಹಳ ಮೊದಲೇ ಬರಿದಾಗುತ್ತಿತ್ತು.

ಈ ಕೊರತೆಯನ್ನು ಮುಂಚೆಯೇ ಕಂಡವರು 1996ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಮೂರು ಗುಂಪಿನ ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ ಬಿಟ್ಟುಕೊಟ್ಟರು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಘೋಟಿಯ ಮನೆಯಲ್ಲಿ ಭಾವನ ಯಂತ್ರ 192.168.1.2, ಮಗಳದು 192.168.1.3. ಕೋಲಾರದ ನಮ್ಮ ಮನೆಯಲ್ಲೂ ಇವೇ ಸಂಖ್ಯೆಗಳಿವೆ. ಎಲ್ಲರ ಮನೆಯಲ್ಲೂ ನಡುಮನೆ, ಅಡುಗೆಮನೆ ಎಂಬ ಹೆಸರಿದ್ದರೂ ಯಾರೂ ದಾರಿ ತಪ್ಪುವುದಿಲ್ಲವಲ್ಲ, ಹಾಗೆ. ಹೊಸಿಲು ದಾಟಿದರೆ ಈ ಹೆಸರುಗಳಿಗೆ ಬೆಲೆಯಿಲ್ಲ.

ಒಳಗಿನ ವಿಳಾಸವನ್ನು ಕೈಯಿಂದ ಬರೆಯಬೇಕಾಗಿಲ್ಲ. ಕಂಪ್ಯೂಟರ್ ಎದ್ದ ಕೂಡಲೇ "ಇಲ್ಲಿ ವಿಳಾಸ ಕೊಡುವವರು ಯಾರು?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. "ನಾನಿದ್ದೇನೆ, ಇದು ನಿನಗೆ" ಎನ್ನುತ್ತದೆ ಪೆಟ್ಟಿಗೆ. "ಅದನ್ನೇ ಕೊಡು" ಎಂದು ಕಂಪ್ಯೂಟರ್ ಕೇಳಿದ ಮೇಲೆ "ಸರಿ, ಇಷ್ಟು ಹೊತ್ತು ನಿನ್ನದು" ಎಂದು ಪೆಟ್ಟಿಗೆ ಒಪ್ಪುತ್ತದೆ. ನಾಲ್ಕು ಮಾತಿನ ಈ ಏರ್ಪಾಟಿಗೆ ಡಿಎಚ್‌ಸಿಪಿ ಎನ್ನುತ್ತಾರೆ, 1993ರಲ್ಲಿ ರೂಪುಗೊಂಡಿತು. ಕೊಟ್ಟದ್ದು ಗುತ್ತಿಗೆ, ದಾನವಲ್ಲ. ಅವಧಿ ತೀರುವ ಮುನ್ನ ಕಂಪ್ಯೂಟರ್ ಮತ್ತೆ ಕೇಳಿ ನವೀಕರಿಸಿಕೊಳ್ಳಬೇಕು.

ಈಗ ಅನೇಕ ಕಂಪನಿಗಳು ನಮ್ಮ ಪೆಟ್ಟಿಗೆಗೂ ನಿಜವಾದ ಹೊರವಿಳಾಸ ಕೊಡುವುದಿಲ್ಲ. ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂಡಿಸುತ್ತವೆ. ಅದಕ್ಕೆಂದು 2012ರಲ್ಲಿ 100.64ರಿಂದ 100.127ರವರೆಗಿನ ಗುಂಪನ್ನು ಮೀಸಲಿಡಲಾಯಿತು. ಪೆಟ್ಟಿಗೆಯ ಹೊರಮುಖದಲ್ಲಿ ಅಂಥ ಸಂಖ್ಯೆ ಕಂಡರೆ, ಮನೆಯ ಕಂಪ್ಯೂಟರನ್ನು ದೂರದೂರಿನಿಂದ ನೇರವಾಗಿ ತಲುಪಲಾಗದು ಎಂದು ತಿಳಿಯಬೇಕು.

ಸಾಲು 3: ಹೋದದ್ದನ್ನು ಬರೆದಿಟ್ಟವನೇ ಬಂದದ್ದನ್ನು ತಲುಪಿಸಬಲ್ಲ

ತಾತ್ಪರ್ಯ: ಎರಡು ಕಂಪ್ಯೂಟರಿನ ಕೋರಿಕೆಗಳು ಒಂದೇ ವಿಳಾಸದಿಂದ ಹೊರಟರೂ ಉತ್ತರಗಳು ಅದಲುಬದಲಾಗದಿರುವುದು ಪೆಟ್ಟಿಗೆ ಇಟ್ಟುಕೊಂಡ ಖಾತೆಯಿಂದ.

ವಿವರಣೆ: ಒಂಬತ್ತು ಸಾಲಿನಲ್ಲಿ ಹಂಚಿಕೆಯ ಗುಟ್ಟು ಇರುವುದು ಇದರಲ್ಲಿ. ಹಿಂದೆ ಪಟ್ಟಣಕ್ಕೆ ಓದಲು ಹೋದ ಹುಡುಗರಿಗೆ ಕಾಗದ ಬರೆಯುವಾಗ ಹೆಸರಿನ ಕೆಳಗೆ "ಕೇರಾಫ್" ಎಂದು ಮನೆ ಯಜಮಾನರ ಹೆಸರು ಹಾಕುತ್ತಿದ್ದೆವು. ಅಂಚೆಯವನಿಗೆ ಗೊತ್ತಿದ್ದದ್ದು ಯಜಮಾನರ ಮನೆ. ಕಾಗದ ಯಾವ ಹುಡುಗನದು ಎಂದು ನೋಡಿ ಕೊಡುತ್ತಿದ್ದವರು ಯಜಮಾನರು. ಪೆಟ್ಟಿಗೆಯ ಕೆಲಸವೂ ಇದೇ. ವ್ಯತ್ಯಾಸವೆಂದರೆ, ಇಲ್ಲಿ ಹೊರಗಿನವರಿಗೆ ಹುಡುಗನ ಹೆಸರೇ ಗೊತ್ತಿರುವುದಿಲ್ಲ. ಆದ್ದರಿಂದ ಪೆಟ್ಟಿಗೆ ಹೆಸರಿನ ಬದಲು ಪೋರ್ಟ್ ಎಂಬ ಸಂಖ್ಯೆಯನ್ನು ಗುರುತಾಗಿ ಹಚ್ಚುತ್ತದೆ.

ಉದಾಹರಣೆಗೆ, ಭಾವ ಮತ್ತು ಮಗಳು ಒಂದೇ ಗಳಿಗೆಯಲ್ಲಿ ಒಂದೇ ಜಾಲತಾಣ ತೆರೆದರು ಎನ್ನೋಣ. ಇಬ್ಬರ ಯಂತ್ರವೂ ಆಕಸ್ಮಿಕವಾಗಿ 50000 ಎಂಬ ಪೋರ್ಟನ್ನೇ ಆರಿಸಿಕೊಂಡಿತು. ಪೆಟ್ಟಿಗೆ ಭಾವನ ಕೋರಿಕೆಯ ಮೇಲೆ ತನ್ನ ಹೊರವಿಳಾಸ ಬರೆದು 61001 ಎಂದು ಗುರುತು ಹಾಕಿತು. ಮಗಳದಕ್ಕೆ ಅದೇ ವಿಳಾಸ, 61002ರ ಗುರುತು. ಖಾತೆಯಲ್ಲಿ ಎರಡು ಗೆರೆ ಬರೆದುಕೊಂಡಿತು: 61001 ಎಂದರೆ 192.168.1.2, 61002 ಎಂದರೆ 192.168.1.3. ಉತ್ತರ 61002ಕ್ಕೆ ಬಂತು. ಖಾತೆ ನೋಡಿತು, ಮಹಡಿಗೆ ಕಳಿಸಿತು. ಪೋರ್ಟ್‌ಗೆ 16 ಬಿಟ್ ಇರುವುದರಿಂದ 65,536 ಗುರುತುಗಳು ಸಿಗುತ್ತವೆ. ಎರಡು ಯಂತ್ರಕ್ಕೆ ಇದು ಬೇಕಾದಷ್ಟು.

ಈ ಉಪಾಯವನ್ನು ವಿಳಾಸ ಅನುವಾದ, ನ್ಯಾಟ್, ಎನ್ನುತ್ತಾರೆ. ಕೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಇದನ್ನು 1994ರ ಮೇ ತಿಂಗಳ ಆರ್‌ಎಫ್‌ಸಿ 1631ರಲ್ಲಿ ಮುಂದಿಟ್ಟರು. ಅವರೇ ಅದನ್ನು ಅಲ್ಪಕಾಲದ ಪರಿಹಾರವೆಂದು ಕರೆದಿದ್ದರು. ಮೂವತ್ತು ವರ್ಷ ದಾಟಿದರೂ ಮನೆಮನೆಯ ಪೆಟ್ಟಿಗೆಯಲ್ಲಿ ಅದು ನಡೆಯುತ್ತಿದೆ.

ಸಾಲಿನಿಂದ ಹೊರಡುವ ಎರಡು ಉಪಫಲಗಳನ್ನು ಹೇಳಬೇಕು. ಒಂದು: ಯಾರೂ ಕೇಳದೆ ತಾನಾಗಿ ಹೊರಗಿನಿಂದ ಬಂದದ್ದಕ್ಕೆ ಖಾತೆಯಲ್ಲಿ ಗೆರೆ ಇರುವುದಿಲ್ಲ; ಪೆಟ್ಟಿಗೆ ಅದನ್ನು ಬಿಟ್ಟುಬಿಡುತ್ತದೆ. ಇದು ಒಂದು ಮಟ್ಟದ ರಕ್ಷಣೆ, ಆದರೆ ಬೀಗವಲ್ಲ. ಒಳಗಿನವರೇ ಕೆಟ್ಟ ಕೊಂಡಿ ಒತ್ತಿ ಕರೆದುಕೊಂಡದ್ದನ್ನು ಅದು ತಡೆಯದು. ಎರಡು: ಬಹಳ ಹೊತ್ತು ಮಾತಿಲ್ಲದ ಗೆರೆಯನ್ನು ಪೆಟ್ಟಿಗೆ ಅಳಿಸುತ್ತದೆ. ಊಟಕ್ಕೆ ಎದ್ದು ಹೋಗಿ ಬಂದಾಗ ದೂರದ ಯಂತ್ರದೊಂದಿಗಿನ ಸಂಪರ್ಕ ಕಡಿದಿರುವುದಕ್ಕೆ ಇದೂ ಒಂದು ಕಾರಣ.

128 ಬಿಟ್‌ಗಳ ಹೊಸ ಪದ್ಧತಿ, ಐಪಿವಿ6, ಬಂದ ಕಡೆ ಈ ಅನುವಾದ ಬೇಕಿಲ್ಲ. ಅಲ್ಲಿ ಪ್ರತಿ ಕಂಪ್ಯೂಟರಿಗೂ ಸ್ವಂತ ವಿಳಾಸ. ಭಾರತ ಇದನ್ನು ಅಳವಡಿಸಿಕೊಂಡ ದೇಶಗಳ ಮುಂಚೂಣಿಯಲ್ಲಿದೆ. ಆದರೂ ಹಳೆಯದು ಪೂರ್ತಿ ಹೋಗಿಲ್ಲ. ಎರಡೂ ಒಟ್ಟಿಗೆ ನಡೆಯುತ್ತಿವೆ.

ಸಾಲು 4: ಕೂತ ಯಂತ್ರಕ್ಕೆ ತಂತಿ, ಓಡಾಡುವ ಯಂತ್ರಕ್ಕೆ ಗಾಳಿ

ಪದಾರ್ಥ: ತಂತಿ ಎಂದರೆ ಲ್ಯಾನ್ ಕೇಬಲ್. ಗಾಳಿ ಎಂದರೆ ವೈಫೈ.

ವಿವರಣೆ: ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆಗಳು, ನಾಲ್ಕು ಜೋಡಿ. ಒಂದೊಂದು ಜೋಡಿಯನ್ನೂ ಹೆಣೆದಿರುತ್ತಾರೆ. ಹೆಣೆದಾಗ ಹೊರಗಿನ ವಿದ್ಯುತ್ ಗದ್ದಲ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುತ್ತದೆ. ಎರಡರ ವ್ಯತ್ಯಾಸವನ್ನಷ್ಟೇ ಓದುವ ಯಂತ್ರಕ್ಕೆ ಆ ಗದ್ದಲ ಕಾಣುವುದಿಲ್ಲ. 100 ಮೀಟರಿನವರೆಗೆ ಇದು ನಂಬಿಗಸ್ತ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಆದ್ದರಿಂದ ಸಂಪರ್ಕ ಬರುತ್ತಿದ್ದು ವೇಗ ಮಾತ್ರ 100ಕ್ಕೆ ನಿಂತಿದ್ದರೆ ನೀಲಿ ಅಥವಾ ಕಂದು ಎಳೆ ಕಡಿದಿದೆಯೋ ಎಂದು ನೋಡಬೇಕು. ಭಾವನ ಮೇಜಿನ ಹಿಂದೆ ಇಲಿ ಕಡಿದ ಕೇಬಲ್ ಹೀಗೇ ಸಿಕ್ಕಿತು.

ವೈಫೈಗೆ ಸಾಮಾನ್ಯವಾಗಿ ಎರಡು ದನಿ. 2.4 ಗಿಗಾಹರ್ಟ್ಸ್ ದನಿ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗದ್ದು, ಒಂದೆರಡು ಗೋಡೆಗೇ ಬಳಲುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಪಕ್ಕದ ಮನೆಯದು 6ರಲ್ಲಿದ್ದರೆ ನಮ್ಮದು 1 ಅಥವಾ 11ರಲ್ಲಿರುವುದು ಒಳ್ಳೆಯದು.

ಗಾಳಿಯ ಸ್ವಭಾವ ಒಂದಿದೆ: ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಉಳಿದವರು ಕೇಳಿಸಿಕೊಂಡು, ಮೌನವಾದಾಗ ತುಸು ಕಾದು ತಮ್ಮ ಮಾತು ಆಡುತ್ತಾರೆ. ದೂರದಲ್ಲಿ ಕೂತ ಯಂತ್ರ ನಿಧಾನವಾಗಿ ಮಾತಾಡುವುದರಿಂದ ಹತ್ತಿರದವನೂ ಕಾಯಬೇಕಾಗುತ್ತದೆ. ಜಾಗ ಬದಲಾಯಿಸದ ಭಾವನ ಕಂಪ್ಯೂಟರಿಗೆ ಕೇಬಲ್ ಹಾಕಿದ್ದರಿಂದ ಲಾಭವಾದದ್ದು ಮಹಡಿಯ ಲ್ಯಾಪ್‌ಟಾಪಿಗೆ. ಗಾಳಿ ಪೂರ್ತಿ ಅದರದಾಯಿತು. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದಿನಿಂದ ತೆಗೆದು ಮೆಟ್ಟಿಲ ಬಳಿ ಎತ್ತರಕ್ಕೆ ಕಟ್ಟಿದೆವು. ತಗಡು, ಬೀರು, ನೀರಿನ ಟ್ಯಾಂಕು, ಇವು ಮೂರೂ ವೈಫೈಗೆ ಅಡ್ಡಿ.

ಸಾಲು 5: ಪೆಟ್ಟಿಗೆ ಇಲ್ಲವಾದರೆ ಕಂಪ್ಯೂಟರೇ ಪೆಟ್ಟಿಗೆ, ಆಗ ಅದು ಮಲಗಬಾರದು

ತಾತ್ಪರ್ಯ: ರೂಟರ್ ಮಾಡುವುದೆಲ್ಲ ಲೆಕ್ಕದ ಕೆಲಸ. ಆ ಲೆಕ್ಕವನ್ನು ಯಾವ ಕಂಪ್ಯೂಟರ್ ಬೇಕಾದರೂ ಮಾಡಬಲ್ಲದು. ಆದರೆ ಹೊಣೆ ಹೊತ್ತ ಮೇಲೆ ಎಚ್ಚರವಾಗಿರಬೇಕು.

ವಿವರಣೆ: ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ಫೋನ್ ತಂತಿಯೇ ದಾರಿ. ಮೋಡೆಮ್ ಕೂಗುತ್ತಾ ಡಯಲ್ ಮಾಡುತ್ತಿತ್ತು. ಮೋಡೆಮ್ ಒಂದೇ ಯಂತ್ರಕ್ಕೆ ಅಂಟಿಕೊಂಡಿರುತ್ತಿದ್ದರಿಂದ ಎರಡನೆಯವನು ಬರಿದೇ ನೋಡುತ್ತಾ ಕೂರಬೇಕಿತ್ತು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಎಂಬ ಸೌಲಭ್ಯ ಸೇರಿತು. ಮೋಡೆಮ್ ಇರುವ ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕ್ರಾಸ್‌ಓವರ್ ಕೇಬಲ್ ಎಳೆದರೆ ಮೊದಲನೆಯದು ಎರಡನೆಯದಕ್ಕೆ ಪೆಟ್ಟಿಗೆಯಾಗುತ್ತಿತ್ತು. ಆ ಕೇಬಲ್ಲಿನಲ್ಲಿ ಹೇಳುವ ಎಳೆ ಎದುರುಗಡೆ ಕೇಳುವ ಜಾಗಕ್ಕೆ ಹೋಗುವಂತೆ ಕಿತ್ತಳೆ ಮತ್ತು ಹಸಿರು ಜೋಡಿಯನ್ನು ಅದಲುಬದಲು ಮಾಡಿರುತ್ತಾರೆ. ಈಗಿನ ಯಂತ್ರಗಳು ತಾವೇ ಗುರುತಿಸಿ ಬದಲಾಯಿಸಿಕೊಳ್ಳುತ್ತವೆ, ಸಾದಾ ಕೇಬಲ್ ಸಾಕು.

ಇಂದಿಗೂ ಈ ಉಪಾಯ ಬೇಕಾಗುತ್ತದೆ. ಘೋಟಿಯ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದ ದಿನ, ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಭಾವನ ಕಂಪ್ಯೂಟರಿಗೆ ಸೇರಿಸಿ, ಅಲ್ಲಿಂದ ಲ್ಯಾನ್ ಕೇಬಲ್ಲಿನಲ್ಲಿ ಮಗಳ ಲ್ಯಾಪ್‌ಟಾಪಿಗೆ ಹಂಚಿದೆವು. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು, ಹೊರಗಿನ ಕಡೆ ಮುಖಮಾಡಿದ ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಪುಟಕ್ಕೆ ಹೋಗಿ ಅನುಮತಿಯ ಗುರುತು ಹಾಕಬೇಕು. ಎಲ್ಲರೂ ಎಡವುವುದು ಇಲ್ಲಿಯೇ: ಹಂಚಬೇಕಾದದ್ದು ಇಂಟರ್ನೆಟ್ ಬರುವ ಕಡೆಯ ಸಂಪರ್ಕವನ್ನು, ಎರಡನೆಯ ಯಂತ್ರಕ್ಕೆ ಹೋಗುವ ಕಡೆಯದನ್ನಲ್ಲ. ಸರಿಯಾಗಿ ಮಾಡಿದರೆ ಹಂಚುವ ಯಂತ್ರ ತನ್ನ ಒಳಮುಖಕ್ಕೆ 192.168.137.1 ಎಂಬ ವಿಳಾಸ ಇಟ್ಟುಕೊಂಡು ಎರಡನೆಯದಕ್ಕೆ ಅದೇ ಸಾಲಿನ ಇನ್ನೊಂದನ್ನು ಕೊಡುತ್ತದೆ. ಎರಡನೆಯ ಯಂತ್ರದಲ್ಲಿ ವಿಳಾಸ ತಾನಾಗಿ ಪಡೆಯುವಂತೆ ಬಿಟ್ಟಿದ್ದರೆ ಸಾಕು.

ಲಿನಕ್ಸ್‌ನಲ್ಲೂ ಮಾಡಬೇಕಾದದ್ದು ಮೂರು ಕೆಲಸ: ಒಂದು ಕಡೆ ಬಂದದ್ದನ್ನು ಇನ್ನೊಂದು ಕಡೆ ದಾಟಿಸಲು ಒಪ್ಪಿಗೆ, ಹೊರಹೋಗುವುದರ ಮೇಲೆ ತನ್ನ ವಿಳಾಸ ಬರೆಯುವ ಆಜ್ಞೆ, ಒಳಗಿನವರಿಗೆ ವಿಳಾಸ ಹಂಚುವ ಏರ್ಪಾಟು. ಎರಡನೆಯ ಆಜ್ಞೆಗೆ ಅಲ್ಲಿ ಮಾಸ್ಕರೇಡ್, ಅಂದರೆ ವೇಷ ಎಂಬ ಹೆಸರು. ಮೂರನೆಯ ಸಾಲಿನಲ್ಲಿ ಹೇಳಿದ್ದೇ ಇಲ್ಲಿ ಆಜ್ಞೆಯ ರೂಪದಲ್ಲಿದೆ.

"ಮಲಗಬಾರದು" ಎಂಬ ಮಾತಿಗೆ ಬಂದರೆ: ಕಂಪ್ಯೂಟರುಗಳು ಹತ್ತು ಹದಿನೈದು ನಿಮಿಷ ಕೈಯಾಡದಿದ್ದರೆ ನಿದ್ದೆಗೆ ಜಾರುವಂತೆ ಇಟ್ಟಿರುತ್ತಾರೆ. ಹಂಚುವ ಯಂತ್ರ ನಿದ್ದೆ ಹೋದರೆ ಮಹಡಿಯಲ್ಲಿ ಪಾಠ ನಿಲ್ಲುತ್ತದೆ. ಪವರ್ ಸೆಟ್ಟಿಂಗ್‌ನಲ್ಲಿ ನಿದ್ದೆಯನ್ನು ತೆಗೆದಿಡಬೇಕು. ಪರದೆ ಆರಿದರೆ ಅಡ್ಡಿಯಿಲ್ಲ.

ಸಾಲು 6: ವಿಳಾಸ ಹಂಚುವ ಪೆಟ್ಟಿಗೆ ಒಂದೇ ಇರಲಿ

ವಿವರಣೆ: ಮಹಡಿಗೆ ವೈಫೈ ಸಾಲದೆಂದು ಭಾವ ಎರಡನೆಯ ರೂಟರ್ ತಂದರು. ಕೇಬಲ್ ಚುಚ್ಚಿದ ಮೇಲೆ ಇಂಟರ್ನೆಟ್ ಬಂತು, ಕೆಳಗಿನ ಪ್ರಿಂಟರ್ ಮಾತ್ರ ಮಹಡಿಗೆ ಕಾಣದಾಯಿತು. ಎರಡೂ ಪೆಟ್ಟಿಗೆ ತಾನೇ ಯಜಮಾನನೆಂದು ಬೇರೆ ಬೇರೆ ವಿಳಾಸ ಹಂಚುತ್ತಿದ್ದವು; ಒಂದೇ ಸೂರಿನ ಕೆಳಗೆ ಎರಡು ಒಲೆ ಹೂಡಿದ ಹಾಗಾಯಿತು. ಪರಿಹಾರ ಸುಲಭ. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಾಯಿಸಬೇಕು. ಆ ಆಯ್ಕೆ ಇಲ್ಲದ ಹಳೆಯ ಪೆಟ್ಟಿಗೆಯಾದರೆ ಅದರ ಡಿಎಚ್‌ಸಿಪಿ ನಿಲ್ಲಿಸಿ, ಅದಕ್ಕೆ ಮೊದಲನೆಯದರ ಸಾಲಿನಲ್ಲೇ ಬೇರೊಂದು ವಿಳಾಸ ಕೊಟ್ಟು, ಕೇಬಲ್ಲನ್ನು ವ್ಯಾನ್ ತೂತಿಗಲ್ಲದೆ ಲ್ಯಾನ್ ತೂತಿಗೆ ಚುಚ್ಚಬೇಕು. ಆಗ ಅದು ಬರೀ ಗಾಳಿ ಬೀಸುತ್ತದೆ, ಲೆಕ್ಕವೆಲ್ಲ ಮೊದಲನೆಯದರದು.

ಸಾಲು 7: ಹಂಚುವುದು ಅರ್ಧವನ್ನಲ್ಲ, ಸರದಿಯನ್ನು

ಪದಾರ್ಥ: ಸರದಿ ಎಂದರೆ ಪಾಳಿ, ಒಬ್ಬರಾದ ಮೇಲೆ ಒಬ್ಬರು.

ತಾತ್ಪರ್ಯ: ಎರಡು ಕಂಪ್ಯೂಟರ್ ಇದ್ದ ಮಾತ್ರಕ್ಕೆ ವೇಗ ಎರಡು ಹೋಳಾಗುವುದಿಲ್ಲ. ಇಬ್ಬರೂ ಒಟ್ಟಿಗೆ ಕೇಳಿದಾಗ ಮಾತ್ರ ಪಾಳಿ ಬೀಳುತ್ತದೆ.

ವಿವರಣೆ: ಕೋಲಾರದ ಕೆರೆಗಳ ಕೆಳಗೆ ನೀರುಗಂಟಿ ಎಂಬವನಿರುತ್ತಿದ್ದ. ತೂಬಿನ ಕೀಲಿ ಅವನ ಕೈಯಲ್ಲಿ. ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದನ್ನು ಅವನು ನಡೆಸುತ್ತಿದ್ದ. ಕೂಲಿಗೆ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದ. ಭಾವನ ನಾಡಾದ ನಾಸಿಕ ಜಿಲ್ಲೆಯಲ್ಲೂ ಮೋಸಂ, ಆರಂ ಹೊಳೆಗಳ ದಡದಲ್ಲಿ ಫಡ್ ಎಂಬ ಹಳೆಯ ನೀರಾವರಿ ಪದ್ಧತಿಯಿದೆ. ಹೊಳೆಗೆ ಅಡ್ಡವಾಗಿ ಬಂಧಾರ ಕಟ್ಟಿ, ಕಾಲುವೆ ತೆಗೆದು, ಜಮೀನನ್ನು ಫಡ್‌ಗಳಾಗಿ ವಿಂಗಡಿಸಿ ಸರದಿಯಲ್ಲಿ ನೀರುಣಿಸುತ್ತಾರೆ. ನೀರು ಹಾಯಿಸುವವನಿಗೆ ಪಾಟಕರಿ ಎಂದು ಹೆಸರು. ಇಬ್ಬರೂ ನೀರನ್ನು ತಕ್ಕಡಿಯಲ್ಲಿಟ್ಟು ಅರ್ಧ ಮಾಡಲಿಲ್ಲ. ಹೊತ್ತನ್ನು ಹಂಚಿದರು. ಪೆಟ್ಟಿಗೆ ನಮ್ಮ ಮನೆಯ ನೀರುಗಂಟಿ.

ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 50 ಮೆಗಾಬಿಟ್ ಸಂಪರ್ಕ ಎಂದರೆ, ಬೈಟಿಗೆ 8 ಬಿಟ್ ಆದ್ದರಿಂದ, ಸೆಕೆಂಡಿಗೆ 6.25 ಮೆಗಾಬೈಟ್. ಮಾಹಿತಿ ಹರಿಯುವುದು ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ. ದೊಡ್ಡ ಪೊಟ್ಟಣವೊಂದು ಸಾಮಾನ್ಯವಾಗಿ 1,500 ಬೈಟು, ಅಂದರೆ 12,000 ಬಿಟ್. ಈ ಸಂಪರ್ಕದಲ್ಲಿ ಅದು ಹಾಯಲು ಒಂದು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಭಾಗ ಸಾಕು. ಸೆಕೆಂಡಿನಲ್ಲಿ ನಾಲ್ಕು ಸಾವಿರ ಸಲ ಪಾಳಿ ಬದಲಾಗಬಹುದಾದ್ದರಿಂದ ಇಬ್ಬರಿಗೂ ತಾನೊಬ್ಬನೇ ಇದ್ದೇನೆ ಎನಿಸುತ್ತದೆ. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆದಿತ್ತು. ಆ ವೇಗದಲ್ಲಿ ಸೆಕೆಂಡಿಗೆ ಇಂಥ ಇಪ್ಪತ್ತೊಂದು ಪೊಟ್ಟಣ ಮಾತ್ರ ಹಾಯುತ್ತವೆ. ಆಗ ಇನ್ನೊಬ್ಬರ ಇರವು ಕೂಡಲೇ ತಿಳಿಯುತ್ತಿತ್ತು. 2023ರ ಜನವರಿಯಲ್ಲಿ ಸರ್ಕಾರ ಆ ಕನಿಷ್ಠ ಮಿತಿಯನ್ನು 2 ಮೆಗಾಬಿಟ್‌ಗೆ ಏರಿಸಿತು.

ಹಾಗಿದ್ದರೂ ಮಗಳ ಪಾಠದ ದನಿ ತುಂಡಾಗುತ್ತಿತ್ತು. ಕಾರಣ ಇಳಿಯುವ ದಾರಿಯಲ್ಲಿರಲಿಲ್ಲ, ಏರುವ ದಾರಿಯಲ್ಲಿತ್ತು. ಭಾವನ ಯಂತ್ರ ಲೆಕ್ಕದ ಕಡತಗಳನ್ನೂ ಫೋಟೋಗಳನ್ನೂ ಹಗಲೆಲ್ಲ ಮೇಲಕ್ಕೆ ಬ್ಯಾಕಪ್ ಕಳಿಸುತ್ತಿತ್ತು. ಏರುವ ವೇಗ ಸೆಕೆಂಡಿಗೆ 5 ಮೆಗಾಬಿಟ್ ಎನ್ನಿ. ಪೆಟ್ಟಿಗೆಯ ಸಾಲಿನಲ್ಲಿ ಒಂದು ಮೆಗಾಬೈಟ್ ಬ್ಯಾಕಪ್ ನಿಂತಿದ್ದರೆ, ಅದರ ಹಿಂದೆ ಬಂದ ಮಗಳ ಒಂದು ಪುಟ್ಟ ಮಾತು 1.6 ಸೆಕೆಂಡು ಕಾಯಬೇಕು. ಮಾತುಕತೆಗೆ ಅಷ್ಟು ತಡ ಬಹಳ. ಗಾಡಿಗಟ್ಟಲೆ ಮೂಟೆ ತಂದವನ ಹಿಂದೆ ಒಂದು ಚೀಟಿ ಹಿಡಿದು ನಿಂತವಳ ಸ್ಥಿತಿ ಅದು.

ಈ ತೊಂದರೆಗೆ ಮದ್ದು ಕಂಡುಹಿಡಿದವರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಮುಖ್ಯರು. ಅವರು 2012ರಲ್ಲಿ ಪ್ರಕಟಿಸಿದ ಕೋಡೆಲ್ ವಿಧಾನ ಪೊಟ್ಟಣ ಎಷ್ಟು ಹೊತ್ತು ಕಾದಿದೆ ಎಂಬುದನ್ನು ನೋಡಿ ಸಾಲನ್ನು ಬೆಳೆಯಗೊಡುವುದಿಲ್ಲ. ಅದರ ಮೇಲೆ ಕಟ್ಟಿದ ಎಫ್‌ಕ್ಯೂ ಕೋಡೆಲ್ ಒಂದೊಂದು ಮಾತುಕತೆಗೂ ಬೇರೆ ಸಾಲು ಮಾಡಿ ಸರದಿಯಲ್ಲಿ ಬಿಡುತ್ತದೆ. ಮೂಟೆಯವನು ಒಂದು ಮೂಟೆ ಇಳಿಸುವಷ್ಟರಲ್ಲಿ ಚೀಟಿಯವಳು ಹೋಗಿಯಾಗಿರುತ್ತದೆ. ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಎಂಬ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ, ನಿಜವಾದ ವೇಗಕ್ಕಿಂತ ತುಸು ಕಡಿಮೆ ಮಿತಿ ಬರೆಯಬೇಕು. ಘೋಟಿಯ ಪೆಟ್ಟಿಗೆಯಲ್ಲಿ ಆ ಆಯ್ಕೆ ಇರಲಿಲ್ಲ. ಬ್ಯಾಕಪ್ಪನ್ನು ರಾತ್ರಿ 11ಕ್ಕೆ ಹೊರಳಿಸಿದೆವು. ಎರಡನೆಯ ಸಂಪರ್ಕದ ಮಾತು ಅಲ್ಲಿಗೆ ನಿಂತಿತು.

ಸಾಲು 8: ಬೀಗದ ಪದ ಮನೆಯವರಿಗೆ, ಬಂದವರಿಗೆ ಬೇರೆ ಬಾಗಿಲು

ವಿವರಣೆ: ಹೊರಗೆ ಕಾಣುವ ವಿಳಾಸ ಒಂದೇ ಎಂದು ಎರಡನೆಯ ಸಾಲಿನಲ್ಲಿ ಹೇಳಿದೆವು. ಅದರ ಇನ್ನೊಂದು ಮುಖ ಹೊಣೆ: ಒಳಗೆ ಯಾರು ಏನು ಮಾಡಿದರೂ ಹೊರಗೆ ಕಾಣುವುದು ಮನೆಯ ಹೆಸರು. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಕ್ಕೆ ತುಸು ಮುನ್ನ ಬಂದ ಬೆದರಿಕೆಯ ಇಮೇಲ್ ನವಿ ಮುಂಬೈನ ಮನೆಯೊಂದರ ಬೀಗವಿಲ್ಲದ ವೈಫೈಯಿಂದ ಹೋಗಿತ್ತು. ತನಿಖೆ ಮೊದಲು ಮುಟ್ಟಿದ್ದು ಆ ಮನೆಯನ್ನು. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಯ ಬಗ್ಗೆ ಸೂಚನೆ ಹೊರಡಿಸಿತು.

ಆದ್ದರಿಂದ ಬೀಗದ ಪದವನ್ನು, ಅಂದರೆ ವೈಫೈ ಪಾಸ್‌ವರ್ಡನ್ನು, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಪದ್ಧತಿಯಲ್ಲಿಡಬೇಕು. ಕನಿಷ್ಠ 8 ಅಕ್ಷರವಿರಬೇಕೆಂಬುದು ನಿಯಮ, 63ರವರೆಗೆ ಅವಕಾಶವಿದೆ. ಮನೆಯವರಿಗೆ ಮಾತ್ರ ನೆನಪಿರುವ ನಾಲ್ಕು ಸಂಬಂಧವಿಲ್ಲದ ಪದಗಳನ್ನು ಕೂಡಿಸಿದರೆ ಉದ್ದವೂ ಆಯಿತು, ನೆನಪೂ ಉಳಿಯಿತು. ಪೆಟ್ಟಿಗೆಯ ಒಳಪುಟಕ್ಕೆ ಹೋಗುವ ಪದ ಬೇರೆ. ತಂದಾಗ ಹಿಂಬದಿಯಲ್ಲಿ ಅಚ್ಚಾಗಿದ್ದ ಅದನ್ನೂ ಬದಲಾಯಿಸಬೇಕು. ಬೇರೆ ಬಾಗಿಲು ಎಂದರೆ ಗೆಸ್ಟ್ ನೆಟ್‌ವರ್ಕ್. ನೆಂಟರು ಅದರಿಂದ ಇಂಟರ್ನೆಟ್ ಬಳಸಬಹುದು. ಭಾವನ ಲೆಕ್ಕದ ಕಡತಗಳೂ ಪ್ರಿಂಟರೂ ಅವರಿಗೆ ಕಾಣುವುದಿಲ್ಲ. ಪಕ್ಕದ ಮನೆಗೆ ಶಾಶ್ವತವಾಗಿ ಹಂಚುವುದು ಮಾತ್ರ ಬೇರೆ ಪ್ರಶ್ನೆ. ಮನೆಬಳಕೆಯ ಕರಾರುಗಳು ಸಾಮಾನ್ಯವಾಗಿ ಅದಕ್ಕೆ ಒಪ್ಪುವುದಿಲ್ಲ.

ಸಾಲು 9: ನಿಂತರೆ ಹತ್ತಿರದಿಂದ ದೂರಕ್ಕೆ ಹುಡುಕು

ತಾತ್ಪರ್ಯ: ನೀರು ಬಾರದಿದ್ದರೆ ಮೊದಲು ನೋಡಬೇಕಾದದ್ದು ತನ್ನ ಗದ್ದೆಯ ಮಡೆ, ಆಮೇಲೆ ಕಾಲುವೆ, ಕೊನೆಗೆ ಕೆರೆ.

ವಿವರಣೆ: ಒಂದು ಯಂತ್ರಕ್ಕೆ ಬಂದು ಇನ್ನೊಂದಕ್ಕೆ ಬಾರದಿದ್ದರೆ ತೊಂದರೆ ಮನೆಯೊಳಗಿದೆ, ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಬಾರದ ಯಂತ್ರದ ವಿಳಾಸ ನೋಡಬೇಕು. 169.254ರಿಂದ ಶುರುವಾಗಿದ್ದರೆ ಅದು ಕೂಗಿದ್ದು ಯಾರಿಗೂ ಕೇಳಿಲ್ಲ, ತಾನೇ ಒಂದು ವಿಳಾಸ ಹಚ್ಚಿಕೊಂಡಿದೆ ಎಂದರ್ಥ. ಕೇಬಲ್ ಸಡಿಲವಾಗಿರಬೇಕು ಅಥವಾ ವೈಫೈ ಪದ ತಪ್ಪಿರಬೇಕು. ವಿಳಾಸ ಸರಿಯಿದ್ದರೆ ಮೊದಲು ಪೆಟ್ಟಿಗೆಗೆ, ಬಳಿಕ ಹೊರಗಿನ 8.8.8.8ಕ್ಕೆ ಪಿಂಗ್ ಮಾಡಿ ಉತ್ತರ ಬರುತ್ತದೆಯೇ ನೋಡಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರಿನ ತಾಣಗಳು ಮಾತ್ರ ತೆರೆಯದಿದ್ದರೆ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ. ಎರಡೂ ಯಂತ್ರಕ್ಕೆ ಇಲ್ಲವಾಗಿ, ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಎಳೆಯಲ್ಲಿ ಬೆಳಕೇ ಬರುತ್ತಿಲ್ಲ. ಆಗ ಕರೆ ಮಾಡಬೇಕಾದದ್ದು ಕಂಪನಿಗೆ.

ಮಳೆಗಾಲಕ್ಕೆ ಇನ್ನೊಂದು ಮಾತು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು, ಆದರೆ ಪೆಟ್ಟಿಗೆಯ ಕರೆಂಟ್ ಅಡಾಪ್ಟರಿನಲ್ಲಿ ಹರಿಯುತ್ತದೆ. ಗುಡುಗು ಹತ್ತಿರವಾದರೆ ಅದನ್ನು ಕೀಳಬೇಕು. ಕರೆಂಟ್ ಹೋದಾಗ ಪೆಟ್ಟಿಗೆಯೂ ಉಳಿಯಲಿ ಎಂದಾದರೆ ರೂಟರಿಗೆಂದೇ ಸಿಗುವ ಸಣ್ಣ 12 ವೋಲ್ಟ್ ಯುಪಿಎಸ್ ಒಳ್ಳೆಯದು.

ಸೇರಿಸಿದ ಸಾಲು

ಕಳೆದ ಮಳೆಗಾಲದಲ್ಲಿ ಫೋನು ಬರಲಿಲ್ಲ. ನಾನೇ ಮಾಡಿ ಕೇಳಿದೆ. ಅಕ್ಕನ ಮಗಳು ಗೋಡೆಯ ಹಾಳೆಯ ಫೋಟೋ ಕಳಿಸಿದಳು. ಒಂಬತ್ತರ ಕೆಳಗೆ ಅವಳ ಕೈಬರಹದಲ್ಲಿ ಇನ್ನೊಂದು ಸಾಲು ಇತ್ತು:

10. ಕೇಳದೆ ಯಾರೂ ಪೆಟ್ಟಿಗೆಯ ಸ್ವಿಚ್ ಆರಿಸಬಾರದು.

ಅವಳ ಪರೀಕ್ಷೆಯ ನಡುವೆ ಭಾವ ತಮಗೆ ಬೇಕಾದ ಜಾಲತಾಣ ತೆರೆಯಲಿಲ್ಲವೆಂದು ಪೆಟ್ಟಿಗೆಯನ್ನು ಆರಿಸಿ ಹಚ್ಚಿದ್ದರಂತೆ. ಆರಿಸಿದರೆ ಮೂರನೆಯ ಸಾಲಿನ ಖಾತೆ ಪೂರ್ತಿ ಅಳಿಯುತ್ತದೆ. ಬೆಳಕು ಹಿಡಿದು ಮತ್ತೆ ಚಾಲೂ ಆಗಲು ಒಂದೆರಡು ನಿಮಿಷ ಬೇಕು; ಆ ಹೊತ್ತಿನಲ್ಲಿ ಇನ್ನೊಬ್ಬರ ಕೆಲಸ ಕಡಿದುಹೋಗಿರುತ್ತದೆ. ನೀರುಗಂಟಿ ತೂಬು ಮುಚ್ಚುವ ಮುನ್ನ ಬಯಲಿಗೆ ಕೇಳುವಂತೆ ಕೂಗುತ್ತಿದ್ದದ್ದನ್ನು ನಾನು ಹುಡುಗನಾಗಿ ಕೇಳಿದ್ದೇನೆ. ಒಂಬತ್ತು ಸಾಲು ಬರೆಯುವಾಗ ಅದು ನನಗೆ ನೆನಪಾಗಿರಲಿಲ್ಲ. ಕೆರೆಯನ್ನೇ ಕಾಣದೆ ಘೋಟಿಯಲ್ಲಿ ಬೆಳೆದ ಹುಡುಗಿ ಅದನ್ನು ಬರೆದಿಟ್ಟಿದ್ದಾಳೆ. ಈಗ ಭಾವ ಮೆಟ್ಟಿಲ ಬಳಿ ನಿಂತು, "ಆರಿಸ್ಲೇನಮ್ಮ?" ಎಂದು ಮಹಡಿಗೆ ಕೇಳಿ, ಉತ್ತರ ಬಂದ ಮೇಲೆ ಸ್ವಿಚ್ಚಿಗೆ ಕೈ ಹಾಕುತ್ತಾರಂತೆ.